ಕಂಬ ನೆಟ್ಟ ವರ್ಷವೇ ಕೇಳಬೇಕು

ಅರಸೀಕೆರೆ ಕಡೆ ಗುಡ್ಡದ ಮೇಲೆ ತಿರುಗೋ ಗಾಳಿ ಫ್ಯಾನು ನಮ್ಮ ಗೆಂಡೆಹಳ್ಳಿಗೂ ಬಂದ್ರೆ ಏನು ಮಾಡೋದು ಅಂದ್ಯಲ್ಲಣ್ಣ, ಬರ್ಲಿ ಅನ್ನೋನೇ ನಾನು. 2024-25ರ ಒಂದೇ ವರ್ಷದಲ್ಲಿ ನಮ್ಮ ರಾಜ್ಯ 1,331 ಮೆಗಾವ್ಯಾಟ್ ಗಾಳಿ ಕರೆಂಟು ಹೊಸದಾಗಿ ಸೇರಿಸ್ಕೊಂಡು ದೇಶಕ್ಕೇ ಮೊದಲು ಬಂತು. ಗಾಳಿ ಜೋರಾಗಿ ಬೀಸೋದು ಮುಂಗಾರಲ್ಲಿ, ನಮಗೆ ಮೋಟಾರೇ ಬೇಡದ ಕಾಲದಲ್ಲಿ, ನಿಜ. ಫೆಬ್ರವರಿ-ಮಾರ್ಚಲ್ಲಿ ಹೂಮಳೆ ಕೈಕೊಟ್ಟು ಕಾಫಿಗೆ ಸ್ಪ್ರಿಂಕ್ಲರ್ ಹಾಕೋಣ ಅಂದ್ರೆ ಅಷ್ಟು ಗಾಳಿ ಇರಲ್ಲ. ಆದ್ರೆ ಮಳೆಗಾಲದಲ್ಲಿ ಫ್ಯಾನು ಕೊಟ್ಟಷ್ಟೂ ಲಿಂಗನಮಕ್ಕಿ ನೀರು ಉಳಿಯುತ್ತಲ್ಲ, ಅದೇ ಬೇಸಿಗೆಗೆ ಶರಾವತಿ ಕರೆಂಟಾಗಿ ಬರುತ್ತೆ.

ನನಗೆ ಭಯ ಇರೋದು ದಾರಿದು. ಗಾಳಿ ವೇಗ ಎರಡರಷ್ಟಾದ್ರೆ ಸಿಗೋ ಶಕ್ತಿ ಎಂಟರಷ್ಟು. ಅದಕ್ಕೇ ಫ್ಯಾನು ಹಾಕೋ ಕಂಪನಿಯೋರು ಗುಡ್ಡದ ನೆತ್ತೀನೇ ಹುಡುಕೋದು. ಈಗಿನ ಫ್ಯಾನಿನ ಒಂದೊಂದು ರೆಕ್ಕೆ 60-70 ಮೀಟರ್ ಉದ್ದ. ಅದನ್ನ ಹೊತ್ತ ಲಾರಿ ನಮ್ಮ ತೋಟದ ತಿರುವಲ್ಲಿ ತಿರುಗುತ್ತಾ? ನೆತ್ತಿವರೆಗೂ ರಸ್ತೆ ಅಗಲ ಮಾಡಬೇಕು, ಧರೆ ಕಡೀಬೇಕು. ಆಮೇಲೆ ಲೈನ್ ಎಳೆಯೋಕೆ ಅಂತ ನೆರಳಿನ ಮರಗಳು ಬೇರೆ ಹೋಗುತ್ವೆ. ಅರಸೀಕೆರೆ ಒಣಸೀಮೆಯಲ್ಲಿ ಕಡಿದ ಧರೆ ಹೇಗೋ ನಿಂತೀತು. ನಮ್ಮ ಆಷಾಢದ ಮಳೆಗೆ ಜರಿದ್ರೆ ಮಣ್ಣೆಲ್ಲ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ. ಗುಡ್ಡದ ಒಳಗಿನ ನೀರಿನ ಸೆಲೆ ಒಂದ್ಸಲ ದಾರಿ ತಪ್ಪಿದ್ರೆ ಯಾವ ಪರಿಹಾರದ ಚೆಕ್ಕೂ ಅದನ್ನ ವಾಪಸ್ ತರಲ್ಲ. ಆನೆ ಓಡಾಡೋ ಜಾಗದಲ್ಲಿ ಜೆಸಿಬಿ ನಿಂತ್ರೆ ಅವು ಎಲ್ಲಿಗೆ ಇಳಿಯುತ್ವೆ ಅಂತ ನಿನಗೆ ನಾನು ಹೇಳಬೇಕಾ?

ಅಣೆಕಟ್ಟು, ಗಣಿ ಅಂದ್ರೆ ಜನರನ್ನ ಕೂರಿಸಿ ಅಹವಾಲು ಕೇಳೋ ಕಾನೂನಿದೆ. 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ಕರೆಂಟೇ ಇಲ್ಲ. ಇದು ತಪ್ಪು ಕಣಣ್ಣ, ಮಲೆನಾಡಿನ ಮಟ್ಟಿಗಂತೂ ದೊಡ್ಡ ತಪ್ಪು. ಗದಗ ಕಡೆಯ ಕಪ್ಪತಗುಡ್ಡನೇ ನೋಡು, ಅದು ವನ್ಯಧಾಮ ಆಗಿದ್ದು 2019ರಲ್ಲಿ. ಅಷ್ಟೊತ್ತಿಗೆ ಆ ಸಾಲಲ್ಲಿ ಫ್ಯಾನು ತಿರುಗೋಕೆ ಶುರುವಾಗಿ ಎಷ್ಟೋ ವರ್ಷ ಆಗಿತ್ತು.

ನಮಗೂ ಒಂದು ಅವಕಾಶ ಇರುತ್ತೆ. ಫ್ಯಾನಿಗೆ ಮೊದಲು ಬರೋದು ಗಾಳಿ ಅಳೆಯೋ ಕಂಬ. ವರ್ಷದ ಅಷ್ಟೂ ಋತು ಅಳೀದೆ ಬ್ಯಾಂಕಿನೋರು ಸಾಲ ಕೊಡಲ್ಲ. ಆ ವರ್ಷದಲ್ಲೇ ಕಂಪನಿಯೋರನ್ನ ಗ್ರಾಮಸಭೆಗೆ ಕರೆಸಿ, ದಾರಿ ಎಲ್ಲಿ ಹಾಯುತ್ತೆ, ಕಡಿದ ಮಣ್ಣು ಎಲ್ಲಿ ಸುರೀತೀರಿ, ಮಳೆನೀರಿಗೆ ಚರಂಡಿ ಎಲ್ಲಿ ಅಂತ ನಕ್ಷೆ ಹರವಿಸಿ ಕೇಳಬೇಕು. ಫ್ಯಾನಿನ ಜಾಗ ನಾಲ್ಕು ಮಾರು ಆಚೆ ಹಾಕಿ ಅನ್ನೋಕೆ ಆಗೋದು ಆಗಲೇ. ಕರಾರು ಆಗಿ ಜೆಸಿಬಿ ಹತ್ತಿದ ಮೇಲೆ ಯಾರೂ ಕೇಳಿಸ್ಕೊಳಲ್ಲ.

ಕಂಬ ಬರ್ಲಿ, ಬರದೇ ಇರ್ಲಿ, ಯಾವ ಸೆಲೆ ಎಲ್ಲಿ ಹುಟ್ಟುತ್ತೆ, ಆನೆ ಎಲ್ಲಿ ದಾಟುತ್ವೆ ಅಂತ ನಾವೇ ಒಂದು ನಕ್ಷೆ ಬರೆದು ಪಂಚಾಯ್ತಿಗೆ ಕೊಟ್ಟಿಡೋಣ. ಮೇಲಿನ ಸೆಲೆಗಳೆಲ್ಲ ನಿಮ್ಮ ಅಪ್ಪಾಜಿಗೆ ಗೊತ್ತು. ಭಾನುವಾರ ಬಿಡುವಿದ್ಯಾ ಕೇಳು, ನಾನು ಹಾಳೆ ಪೆನ್ನು ತರ್ತೀನಿ.