ತಿಮ್ಮಪ್ಪನ ರೂಪಾಯಿ

ಅಕ್ಕನ ಮಕ್ಕಳೆದುರು ಜಾದೂ ಮಾಡುತ್ತೇನೆಂದು ಜಂಬ ಕೊಚ್ಚಿದ ಮೇಲೆ ಜೇಬು ತಡಕಿದೆ. ಫೋನು ಸಿಕ್ಕಿತು, ನಾಣ್ಯ ಸಿಗಲಿಲ್ಲ. ಸೊಪ್ಪಿನವಳೂ ಕ್ಯೂಆರ್ ಕೋಡ್ ಇಟ್ಟುಕೊಂಡ ಮೇಲೆ ನಮ್ಮ ಮನೆಯ ಚಿಲ್ಲರೆ ಯಾವ ಮಂತ್ರವೂ ಇಲ್ಲದೆ ಮಾಯವಾಗಿತ್ತು. ಕೊನೆಗೆ ಅಮ್ಮನ ಕಣ್ಣು ತಪ್ಪಿಸಿ ದೇವರ ಮನೆಗೆ ನುಗ್ಗಿ, ತಿರುಪತಿ ಮುಡಿಪಿನ ಡಬ್ಬಿಯಿಂದ ಒಂದು ರೂಪಾಯಿ ಎತ್ತಿದೆ. ಅಂದಿನ ಕೈಚಳಕದಲ್ಲಿ ಯಶಸ್ವಿಯಾದದ್ದು ಅದೊಂದೇ.

ನಾನು ಕಲಿತ ವಿದ್ಯೆಗೆ ಫ್ರೆಂಚ್ ಡ್ರಾಪ್ ಎಂದು ಹೆಸರು. ಎಡಗೈಯ ಹೆಬ್ಬೆರಳು, ನಡುಬೆರಳ ತುದಿಯಲ್ಲಿ ನಾಣ್ಯದ ಅಂಚು ಹಿಡಿಯಬೇಕು. ಅದನ್ನು ಎತ್ತಿಕೊಳ್ಳುವವರಂತೆ ಬಲಗೈ ತಂದು, ಹೆಬ್ಬೆರಳನ್ನು ನಾಣ್ಯದ ಅಡಿಗೆ ತೂರಿಸಿ, ಉಳಿದ ಬೆರಳುಗಳನ್ನು ಮುಂದೆ ಪರದೆ ಮಾಡಬೇಕು. ಆ ಮರೆಯಲ್ಲಿ ನಾಣ್ಯ ಎಡ ಅಂಗೈಗೇ ಜಾರುತ್ತದೆ; ಬಲಮುಷ್ಟಿ ಖಾಲಿ ಹೊರಡುತ್ತದೆ. ಕೈಗಿಂತ ಕಣ್ಣಿನ ಕೆಲಸ ಕಷ್ಟ. ಆ ಖಾಲಿ ಮುಷ್ಟಿಯನ್ನೇ ನಂಬಿ ನೋಡಬೇಕು. ನಾವು ನೋಡಿದ ಕಡೆಗೇ ನೋಡುಗರೂ ನೋಡುತ್ತಾರೆ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಟಿ. ನೆಲ್ಸನ್ ಡೌನ್ಸ್ ಗಾಳಿಯಿಂದ ನಾಣ್ಯ ಹಿಡಿಹಿಡಿದು ಟೋಪಿಗೆ ಹಾಕಿ 'ನಾಣ್ಯಗಳ ರಾಜ' ಎನಿಸಿಕೊಂಡಿದ್ದ. ನಾನು ಸಾಮಂತನಾದರೂ ಆಗಬಾರದೇ?

ಹದಿನೈದು ದಿನ ಕನ್ನಡಿಯೆದುರು ಅಭ್ಯಾಸ ಮಾಡಿದ್ದೆ, ಕೋಟಿನ ಗುಂಡಿಯಿಂದ. ತಿಮ್ಮಪ್ಪನದೋ 1976ರ ರೂಪಾಯಿ! 28 ಮಿಲಿಮೀಟರ್ ಅಗಲ, 8 ಗ್ರಾಂ ತೂಕದ ಭಾರೀ ಕುಳ. ಈಗಿನ ರೂಪಾಯಿ ಅದರ ಅರ್ಧವೂ ತೂಗುವುದಿಲ್ಲ.

ಆದರೂ ಬಲಮುಷ್ಟಿಗೆ "ಛೂ!" ಎಂದು ಊದಿ, ಬಿಡಿಸಿ ತೋರಿಸಿದೆ. ಚಿಕ್ಕವಳು ಅತ್ತ ತಿರುಗಿಯೂ ನೋಡಲಿಲ್ಲ.

"ಮಾಮ, ಆ ಕೈ ತೋರಿಸು."

ಎಡಗೈ ಬೆವರಿತು. ರೂಪಾಯಿ ಜಾರಿ ಠಣ್ಣೆಂದು ನೆಲಕ್ಕೆ ಬಿದ್ದು, ಉರುಳುತ್ತಾ ಬೀರುವಿನಡಿ ಸೇರಿತು. ಫೋನಿನ ಬೆಳಕು ಬಿಟ್ಟು, ಕಡ್ಡಿಪೊರಕೆ ಆಡಿಸಿದೆ. ಒಂದು ಗೋಲಿ, ಎರಡು ಹೇರ್‌ಪಿನ್, ಕರೆಂಟ್ ಬಿಲ್ಲಿನ ಹಳೇ ರಸೀದಿ ಬಂದವು. ರೂಪಾಯಿ ಬರಲಿಲ್ಲ.

"ಅಯ್ಯೋ, ನಿಜವಾಗ್ಲೂ ಮಾಯ ಆಗೋಯ್ತು!" ಮಕ್ಕಳು ಚಪ್ಪಾಳೆ ತಟ್ಟಿದರು. ಚಿಕ್ಕವಳು ಕೂದಲು ಸರಿಸಿ ಕಿವಿ ಒಡ್ಡಿದಳು: "ಈಗ ಇಲ್ಲಿಂದ ತೆಗಿ ಮಾಮ."

ಅಷ್ಟರಲ್ಲಿ ಅಮ್ಮ ಬಂದಳು. ನನ್ನ ಮುಷ್ಟಿಯನ್ನೂ ನೋಡಲಿಲ್ಲ, ಬೀರುವನ್ನೂ ನೋಡಲಿಲ್ಲ. ಅವಳ ಕೈಯಲ್ಲಿ ಮುಡಿಪಿನ ಡಬ್ಬಿಯ ಮುಚ್ಚಳವಿತ್ತು.

"ಬಡ್ಡಿಕಾಸಿನ ತಿಮ್ಮಪ್ಪನ ದುಡ್ಡು ಕಣೋ ಅದು. ನೀನು ಎಲ್ಲಿ ಬೇಕಾದ್ರೂ ಮಾಯ ಮಾಡು, ಅವನು ಲೆಕ್ಕ ಇಟ್ಟಿರ್ತಾನೆ."