ಮಹಡಿಯ ಮಿಷನ್ನು

ಕಾಮಾಕ್ಷಿಪಾಳ್ಯದಲ್ಲಿ ಯಾವ ಗಲ್ಲಿಗೆ ಹೊಕ್ಕರೂ ಕೆಳಗೆ ಶೆಡ್ಡು, ಮೇಲೆ ಸಂಸಾರ. ಒಬ್ಬ ಕಬ್ಬಿಣ ಕೊರೆಯುತ್ತಾನೆ, ಪಕ್ಕದವನು ಪ್ಲೇಟಿಂಗ್ ಮಾಡುತ್ತಾನೆ, ಎದುರಿನವನು ಪೌಡರ್ ಕೋಟಿಂಗ್ ಹೊಡೆಯುತ್ತಾನೆ. ಒಂದು ಬಿಡಿಭಾಗ ಹುಟ್ಟಿ, ಮಿಂದು, ಬಟ್ಟೆ ತೊಟ್ಟು ಮಾಗಡಿ ರಸ್ತೆಗೆ ಬರುವಷ್ಟರಲ್ಲಿ ನೂರು ಗಜವೂ ನಡೆದಿರುವುದಿಲ್ಲ. ನನ್ನದೂ ಅಂಥದ್ದೇ ಠಿಕಾಣಿ. ಕೆಳಗೆ ಎರಡು ಲೇತು, ಒಂದು ಮಿಲ್ಲಿಂಗು, ಒಂದು ಕಂಪ್ರೆಸರು, ನನ್ನನ್ನು 'ಬಾಸ್' ಎಂದು ಕರೆಯುವ ಇಬ್ಬರು ಹುಡುಗರು. ಮೇಲೆ ಹೆಂಡತಿ, ಮಗ, ಮತ್ತು ಈಗ ಒಂದು ಕಂಪ್ಯೂಟರು.

"ಕಂಪ್ಯೂಟರ್ ಅಲ್ಲಪ್ಪ, ಬಿಲ್ಡು" ಎಂದು ಮಗ ತಿದ್ದುತ್ತಾನೆ. ಅಂಗಡಿಯಲ್ಲಿ ಸಿದ್ಧವಿರುವುದನ್ನು ತರುವುದು ಅವಮಾನವಂತೆ. ಒಂದೊಂದು ಭಾಗವನ್ನೂ ಆರಿಸಿ ಕೂಡಿಸಬೇಕು. ಆರಿಸಿದ ಪಟ್ಟಿ ನನ್ನ ಮುಂದೆ ಬಂತು. ಕೆಳಗಿನ ಮೊತ್ತ ಒಂದೂಕಾಲು ಲಕ್ಷ.

"ಇಷ್ಟಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಲೇತು ಬರತ್ತೆ ಕಣೋ."

"ಲೇತಲ್ಲಿ ಆಟ ಆಡಕ್ಕಾಗತ್ತಾ?"

"ಯಾಕಾಗಲ್ಲ? ಇವರು ಮೂವತ್ತು ವರ್ಷದಿಂದ ಆಡ್ತಾನೇ ಇದಾರಲ್ಲ" ಎಂದಳು ನನ್ನಾಕೆ, ಅಡಿಗೆಮನೆಯಿಂದ.

ಪಟ್ಟಿಯ ಮೊದಲ ಸಾಲಿನಲ್ಲಿ ಪ್ರೊಸೆಸರ್: ಇಂಟೆಲ್ ಐ5-13600ಕೆ. ಕೊನೆಯ 'ಕೆ'ಗಾಗಿಯೇ ಹೆಚ್ಚು ದುಡ್ಡು. ಕೆ ಅಂದರೆ ಬೀಗ ತೆಗೆದದ್ದು. ಕಂಪನಿ ಹೇಳುವ ಮೇಲ್ಮಿತಿ 5.1 ಗಿಗಾಹರ್ಟ್ಸ್. ಇವನು 5.5ಕ್ಕೆ ಓಡಿಸುತ್ತಾನಂತೆ. ಹೇಗೆಂದರೆ, ಮೂಲ ಬಡಿತ 100 ಮೆಗಾಹರ್ಟ್ಸ್, ಅದನ್ನು ಒಳಗೆ 51ರಿಂದ ಗುಣಿಸುತ್ತಿರುತ್ತದೆ. ಆ 51ನ್ನು 55 ಮಾಡಿದರೆ ಆಯಿತು. ಓವರ್‌ಕ್ಲಾಕಿಂಗ್ ಎಂಬ ದೊಡ್ಡ ಹೆಸರಿನ ಒಳಗಿರುವುದು ಇಷ್ಟೇ ಮಗ್ಗಿ.

ಆದರೆ ಬೀಗ ತೆಗೆದ ಪ್ರೊಸೆಸರ್ ಇದ್ದರೆ ಸಾಲದು, ಮದರ್‌ಬೋರ್ಡೂ 'ಝಡ್' ಜಾತಿಯದೇ ಆಗಬೇಕು. ಇಂಟೆಲ್‌ನ ಅಗ್ಗದ 'ಬಿ' ಬೋರ್ಡಿನಲ್ಲಿ ಆ ಗುಣಕವನ್ನು ಮುಟ್ಟಲು ಬಿಡುವುದಿಲ್ಲ. ಬೀಗ ಒಂದು ಕಡೆ, ಕೀಲಿಕೈ ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೇರೆ ಬಿಲ್ಲು. ಎಎಂಡಿಯ ಬಿ650 ಬೋರ್ಡಿನಲ್ಲಾದರೆ ಇದೆಲ್ಲ ಆಗುತ್ತದೆ ಎಂದು ಅವನೇ ಬಾಯಿಬಿಟ್ಟ. ಹಾಗಾದರೆ ಅದನ್ನೇ ತಗೋ ಎಂದೆ. ರಾಜ್‌ಕುಮಾರ್ ಅಭಿಮಾನಿಗೆ ವಿಷ್ಣುವರ್ಧನ್ ಸಿನಿಮಾದ ಟಿಕೆಟ್ ಕೊಟ್ಟವನನ್ನು ನೋಡುವಂತೆ ನೋಡಿದ.

ಮಿತಿ ಮೀರಿಸಬೇಡವೋ ಎಂದು ಬುದ್ಧಿ ಹೇಳಲು ನನಗೆ ಬಾಯಿಯಿರಲಿಲ್ಲ. ಒಂದು ದೀಪಾವಳಿಯ ಮುಂಚೆ ಆರ್ಡರು ಮುಗಿಯಲಿಲ್ಲವೆಂದು ಲೇತಿನ ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿ ಸ್ಪೀಡು ಏರಿಸಿದ್ದೆ. ನಾಲ್ಕು ದಿನ ಗಂಧರ್ವನ ಹಾಗೆ ಓಡಿತು. ಐದನೆಯ ದಿನ ಬೇರಿಂಗು ನೀಲಿ ತಿರುಗಿ ಕೂತಿತು. ಅದರ ಜೊತೆಯಲ್ಲೇ ಕೊಂಡ ಇನ್ನೊಂದು ಲೇತು ಅದೇ ಪುಲ್ಲಿಯಲ್ಲಿ ಇವತ್ತಿಗೂ ಓಡುತ್ತಿದೆ. ಒಂದೇ ಕಾರ್ಖಾನೆ, ಒಂದೇ ಅಚ್ಚು, ಹಣೆಬರಹ ಬೇರೆ. ಚಿಪ್ಪುಗಳಲ್ಲೂ ಹೀಗೇನಂತೆ, ಒಂದು 5.5ಕ್ಕೆ ಹಾಡುತ್ತದೆ, ಅದರ ತಮ್ಮ 5.3ಕ್ಕೇ ಏದುಸಿರು ಬಿಡುತ್ತದೆ. ಇದಕ್ಕೆ 'ಸಿಲಿಕಾನ್ ಲಾಟರಿ' ಎಂದು ಹೆಸರಿದೆಯಂತೆ.

ಶನಿವಾರ ಮಾರ್ಕೆಟ್ ಬಸ್ಸು ಹತ್ತಿ ಸದರ್ ಪತ್ರಪ್ಪ ರಸ್ತೆಗೆ ಹೋದೆವು. ಎಸ್.ಪಿ. ರೋಡ್ ಎಂದರೆ ಎಲ್ಲರಿಗೂ ಗೊತ್ತು, ಪತ್ರಪ್ಪನವರ ಹೆಸರು ಹಿಡಿದು ಕೇಳಿದರೆ ಅಲ್ಲಿಯವರೇ ತಬ್ಬಿಬ್ಬಾಗುತ್ತಾರೆ. ಅಂಗಡಿಯ ಹಿರಿಯರು ಪಟ್ಟಿ ನೋಡಿ, "ಓವರ್‌ಕ್ಲಾಕಾ!" ಎಂದು ಕಣ್ಣರಳಿಸಿದರು. 1998ರ ಸೆಲೆರಾನ್ 300ಎ ಕಥೆ ಶುರುವಾಯಿತು. ಬಡವರ ಚಿಪ್ಪು, 300 ಮೆಗಾಹರ್ಟ್ಸಿನದು. ಬೋರ್ಡಿನಲ್ಲಿ ಬಸ್ ವೇಗವನ್ನು 66ರಿಂದ 100ಕ್ಕೆ ತಳ್ಳಿದರೆ ಒಂದೇ ನೆಗೆತಕ್ಕೆ 450! "ಆಗ ಕಡಿಮೆ ದುಡ್ಡಿಗೆ ಜಾಸ್ತಿ ಸ್ಪೀಡು ಬರ್ಲಿ ಅಂತ ಮಾಡ್ತಿದ್ರು ಸಾರ್. ಈಗ ಸ್ವಲ್ಪ ಸ್ಪೀಡಿಗೆ ಜಾಸ್ತಿ ದುಡ್ಡು" ಎಂದರು. ಮಗ ಕೇಳಿಸಿಕೊಳ್ಳದವನಂತೆ ಫ್ಯಾನುಗಳ ಬಣ್ಣ ನೋಡುತ್ತಿದ್ದ.

ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಪುಕ್ಕಟೆ ಕೊಡುತ್ತೇವೆಂದರು. ಇವನು ಒಪ್ಪಲಿಲ್ಲ, 750 ವ್ಯಾಟಿನ 'ಗೋಲ್ಡ್' ಬೇಕೆಂದ. ನನ್ನ ತಲೆಯಲ್ಲಿ ಲೆಕ್ಕ ಓಡಿತು: 746 ವ್ಯಾಟ್ ಅಂದರೆ ಒಂದು ಎಚ್‌ಪಿ. "ಕುದುರೆ ಕಟ್ಟಿ ಆಡೋ ಆಟ ಯಾವುದೋ?" ಎಂದೆ. ಅಂಗಡಿಯವರು ನಕ್ಕರು, ಮಗ ನಗಲಿಲ್ಲ.

ಪಟ್ಟಿಯಲ್ಲಿ ನನಗೆ ನೇರ ಅರ್ಥವಾದ ಸಾಲು ಒಂದೇ, ಲಿಕ್ವಿಡ್ ಕೂಲರ್. ಕೂಲೆಂಟು ಇಲ್ಲದೆ ಯಾರು ಸ್ಪೀಡಲ್ಲಿ ಕೊರೆಯುತ್ತಾರೆ? ಹೆಬ್ಬೆರಳ ಉಗುರಿನಷ್ಟು ಜಾಗದಿಂದ 181 ವ್ಯಾಟ್ ಶಾಖ, ಅದೂ ಕಂಪನಿಯ ಲೆಕ್ಕದಲ್ಲೇ. ಮಿತಿ ಮೀರಿಸಿದರೆ ಇನ್ನೂ ಮೇಲೆ. ನೂರು ಡಿಗ್ರಿ ಮುಟ್ಟಿದರೆ ಚಿಪ್ಪು ತಾನಾಗಿ ಕಾಲು ಎಳೆಯತೊಡಗುತ್ತದೆ. ಈ ಗುಣ ನನ್ನ ಲೇತಿಗಿದ್ದಿದ್ದರೆ ಬೇರಿಂಗು ಉಳಿಯುತ್ತಿತ್ತು.

ಮನೆಗೆ ತಂದ ಕೂಲರಿನ ತಾಮ್ರದ ತಳವನ್ನು ಅಭ್ಯಾಸಬಲದಿಂದ ಸರ್ಫೇಸ್ ಪ್ಲೇಟಿನ ಹತ್ತಿರ ಒಯ್ದು ಡಯಲ್ ಗೇಜು ಆಡಿಸಿದೆ. ನಡುವೆ ಉಬ್ಬು! "ತಳಾನೇ ಸರಿ ಇಲ್ವಲ್ಲೋ, ಎಮೆರಿ ಹಾಕಿ ಹತ್ತು ನಿಮಿಷದಲ್ಲಿ ಲ್ಯಾಪ್ ಮಾಡ್ಕೊಡ್ತೀನಿ" ಎಂದೆ. ಮಗ ಮೆಟ್ಟಿಲು ಹಾರಿ ಬಂದು ಕಿತ್ತುಕೊಂಡ. ಸಾಕೆಟ್ಟಿನ ಕ್ಲಾಂಪು ಅದುಮಿದಾಗ ಪ್ರೊಸೆಸರ್ ನಡುವಲ್ಲಿ ತುಸು ಬಗ್ಗುತ್ತದೆ, ಕೂಲರಿನವರು ಅದಕ್ಕೆಂದೇ ಉಬ್ಬು ಬಿಡುತ್ತಾರಂತೆ. ಅದು ಬಗ್ಗದಂತೆ ಹಿಡಿಯಲು ಅಲ್ಯೂಮಿನಿಯಂ ಚೌಕಟ್ಟೊಂದನ್ನು ಬೇರೆ ಮಾರುತ್ತಾರೆ. ಚಿತ್ರ ನೋಡಿದೆ. ನಮ್ಮ ಮಿಲ್ಲಿಂಗಿನಲ್ಲಿ ಮಧ್ಯಾಹ್ನದ ಊಟದೊಳಗೆ ಕೆತ್ತಬಹುದು. ಆದರೆ ಕ್ಲಾಂಪು ಬದಲಿಸಿದರೆ ವಾರಂಟಿಗೆ ಕುತ್ತು ಎಂದು ಕಂಪನಿ ಹೇಳುತ್ತದೆಂದ. ಓವರ್‌ಕ್ಲಾಕ್ ಮಾಡುವವನು ವಾರಂಟಿಗೆ ಅಂಜುವುದನ್ನು ಅಂದೇ ಮೊದಲು ಕಂಡೆ.

ಮೊದಲ ರಾತ್ರಿ 5.5ರಲ್ಲಿ ಪರೀಕ್ಷೆಗೆ ಹಚ್ಚಿ ಮಲಗಿದ. ಬೆಳಗಿನವರೆಗೂ ಸರಾಗವಾಗಿ ಓಡಿತ್ತು. ಹತ್ತೂವರೆಗೆ ಆಟಕ್ಕೆ ಕೂತ, ಪರದೆ ಕಪ್ಪಾಗಿ ರೀಸ್ಟಾರ್ಟ್. ವೋಲ್ಟೇಜು ಸಾಲದೇನೋ ಎಂದು 1.25ರಿಂದ 1.30ಕ್ಕೆ ಏರಿಸಿದ. ಮಧ್ಯಾಹ್ನ ಮತ್ತೆ ರೀಸ್ಟಾರ್ಟ್. ಗುಣಕ 54ಕ್ಕೆ ಇಳಿಯಿತು, 53ಕ್ಕೆ, ಗುರುವಾರಕ್ಕೆ 51ಕ್ಕೇ ಬಂತು. ರ‍್ಯಾಮ್ ಕಿತ್ತು ಹಾಕಿದ, ಪೇಸ್ಟು ಒರೆಸಿ ಮತ್ತೆ ಬಳಿದ. ಲಾಟರಿಯಲ್ಲಿ ಸೋತ ಮುಖ ಹೊತ್ತು ಊಟ ಬಿಟ್ಟ. ವಿಚಿತ್ರವೆಂದರೆ ಭಾನುವಾರ ಇಡೀ ದಿನ ಒಂದು ಸಲವೂ ಕೆಡಲಿಲ್ಲ.

ಸೋಮವಾರ ಚಟ್ನಿ ರುಬ್ಬುತ್ತಿದ್ದ ನನ್ನಾಕೆ ಅಂದಳು, "ರೀ, ಕೆಳಗೆ ಕಂಪ್ರೆಸರ್ ಹಾಕ್ದಾಗೆಲ್ಲ ನನ್ ಮಿಕ್ಸಿನೂ ಹಿಂಗೇ ಉಸಿರು ಕಟ್ಟತ್ತೆ. ಹತ್ತು ವರ್ಷದಿಂದ ಹೇಳ್ತಾ ಇದೀನಿ."

ಐದು ಎಚ್‌ಪಿ ಕಂಪ್ರೆಸರು, ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಕಾಮಾಕ್ಷಿಪಾಳ್ಯದಲ್ಲಿ ಅಂಬೆಗಾಲಿಡುವ ಮಗುವಿಗೂ ಗೊತ್ತಿರುವ ವಿಷಯ. ಗೋಲ್ಡ್ ಕುದುರೆಗೆ ಆ ಒಂದು ಕ್ಷಣ ನೀರಿಲ್ಲ. ಮೂವತ್ತು ವರ್ಷದ ಮೆಕ್ಯಾನಿಕ್ಕಿಗೂ ಒಂದೂಕಾಲು ಲಕ್ಷದ ಬಿಲ್ಡಿಗೂ ಹೊಳೆಯದ್ದು ಮಿಕ್ಸಿಗೆ ಹೊಳೆದಿತ್ತು.

ಗುಣಕ ಮತ್ತೆ 55ಕ್ಕೆ ಏರಿತು. ಯುಪಿಎಸ್ ಬೇಕೆಂದು ಇನ್ನೊಂದು ಪಟ್ಟಿ ಬಂತು, ಅದನ್ನು ಮಡಚಿ ಜೇಬಿಗಿಟ್ಟಿದ್ದೇನೆ. ನಮ್ಮ ಕಂಪ್ರೆಸರಿನ ಆಟೋ ಸ್ವಿಚ್ಚು ಕೆಟ್ಟು ಕೈಯಲ್ಲೇ ಹಾಕುವುದರಿಂದ ಸದ್ಯಕ್ಕೊಂದು ಒಪ್ಪಂದ. ಹಾಕುವ ಮುಂಚೆ ಹುಡುಗರು ಮೆಟ್ಟಿಲ ಬಳಿ ನಿಂತು "ತಮ್ಮಾ, ಕಂಪ್ರೆಸರ್!" ಎಂದು ಕೂಗಬೇಕು, ಮೇಲಿನಿಂದ ಅಪ್ಪಣೆಯಾಗಬೇಕು.

ಮೊನ್ನೆ ರಾಜಾಜಿನಗರದ ಪಾರ್ಟಿಯೊಬ್ಬರು ಡೆಲಿವರಿಗೆ ಬಂದು ಕೂತಿದ್ದರು. ಹುಡುಗ ಕೂಗಿದ. ಮೇಲಿನಿಂದ ಮಗನ ದನಿ ಬಂತು: "ಎರಡೇ ನಿಮಿಷ ಅಣ್ಣಾ, ಬಾಸ್ ಸಾಯ್ತಾ ಇದಾನೆ!"

ಪಾರ್ಟಿಯವರು ಟೀ ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. "ಬಿ.ಪಿ. ಗಿ.ಪಿ. ಚೆಕ್ ಮಾಡಿಸ್ಕೊಂಡ್ರಾ ಸಾರ್?"