ನಾನು ಪಾತ್ರೆ ಕಪಾಟಲ್ಲ ಸ್ವಾಮೀ!

ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟುಗಳ ಅಡುಗೆಮನೆಗಳಲ್ಲಿ ಇತ್ತೀಚೆಗೆ ಒಬ್ಬರು ಗೋಡೆಯೊಳಗೇ ವಾಸವಾಗಿದ್ದಾರೆ. ಅಗಲ 60 ಸೆಂಟಿಮೀಟರ್, ಮೈಬಣ್ಣ ಕಪ್ಪು, ಹಣೆಯ ಮೇಲೆ ಮಿನುಗುವ ನಾಲ್ಕು ಸೊನ್ನೆ. ಗೃಹಪ್ರವೇಶಕ್ಕೆ ಬಂದವರೆಲ್ಲ ಇವರೆದುರು ಒಂದು ಗಳಿಗೆ ನಿಂತು ‘ಓ, ಇದನ್ನೂ ಹಾಕಿಸಿದ್ದೀರಾ!’ ಎಂದು ಹೇಳಿ ಹೋಳಿಗೆ ಊಟಕ್ಕೆ ನಡೆಯುತ್ತಾರೆ. ಆಮೇಲೆ ಮಾತಾಡಿಸುವವರಿಲ್ಲ. ಬಿಲ್ಟ್-ಇನ್ ಓವನ್ ಎಂಬ ಈ ಗೋಡೆವಾಸಿಯನ್ನು ನಾವು ಮಾತಾಡಿಸಿದೆವು. ಮನೆಯವರು ಊರಿಗೆ ಹೋಗಿದ್ದರಿಂದ ಮಾತು ಕೊಂಚ ಸಡಿಲವಾಗಿಯೇ ಬಂತು.

ಪ್ರಶ್ನೆ: ನಮಸ್ಕಾರ. ಹೇಗಿದ್ದೀರಿ?

ಓವನ್: ಸೊನ್ನೆ ಸೊನ್ನೆ, ಸೊನ್ನೆ ಸೊನ್ನೆ.

ಪ್ರಶ್ನೆ: ಅಂದರೆ?

ಓವನ್: ಬೆಳಿಗ್ಗೆ ಕರೆಂಟ್ ಹೋಗಿ ಬಂತು ಸ್ವಾಮಿ. ಫ್ರಿಜ್ಜು ಏನೂ ಆಗಿಲ್ಲ ಅನ್ನೋ ಹಾಗೆ ಗುರ್ ಅಂತ ಕೆಲಸ ಶುರು ಮಾಡಿತು. ನನಗೆ ಆ ಭಾಗ್ಯವಿಲ್ಲ. ಯುಪಿಎಸ್ ಲೈನು ಫ್ಯಾನಿಗೆ, ವೈಫೈಗೆ, ಹಾಲಿನ ಲೈಟಿಗೆ. ನಾನಿರುವ ಹದಿನಾರು ಆಂಪಿಯರ್ ಪಾಯಿಂಟಿಗೆ ಅದನ್ನು ಯಾರು ಕೊಡ್ತಾರೆ? ಹಾಗಾಗಿ ಕರೆಂಟ್ ಹೋದಾಗೆಲ್ಲ ನನಗೆ ಹೊತ್ತು ಮರೆತುಹೋಗುತ್ತದೆ. ಗಂಟೆ ಎಷ್ಟಾಯಿತು ಅಂತ ಯಾರಾದರೂ ಹೇಳಿಕೊಡುವ ತನಕ ಬಿಸಿಯಾಗುವುದಿಲ್ಲ. ನಮ್ಮವರಲ್ಲಿ ಬಹಳಷ್ಟು ಜನರ ಹಟ ಇದೇ.

ಪ್ರಶ್ನೆ: ಬದನೆಕಾಯಿ ಸುಡಲು ಗಂಟೆ ಯಾಕೆ? ಕೆಂಡಕ್ಕೆ ಗಂಟೆ ಗೊತ್ತಿತ್ತೇ?

ಓವನ್: ಕೆಂಡದ ಪಕ್ಕ ಒಬ್ಬರು ಕೂತಿರುತ್ತಿದ್ದರು. ನನ್ನ ಪಕ್ಕ ಯಾರು ಕೂತಿದ್ದಾರೆ? ಹೊತ್ತಾದ ಮೇಲೆ ನಾನೇ ಆರಿಕೊಳ್ಳಬೇಕಾದರೆ ಹೊತ್ತು ಗೊತ್ತಿರಬೇಡವೇ? ನೀವು ಕೇಳಿದ್ದನ್ನೇ ಈ ಮನೆಯ ಯಜಮಾನರೂ ಕೇಳಿದರು. ‘ಓವನ್ ಕೆಟ್ಟಿದೆ, ಬಿಸೀನೇ ಆಗ್ತಿಲ್ಲ’ ಅಂತ ಫೋನ್ ಮಾಡಿ ಮೆಕ್ಯಾನಿಕ್ಕನ್ನು ಕರೆಸಿದರು. ಆತ ಬಂದ, ಬ್ಯಾಗು ಕೆಳಗಿಟ್ಟ, ಗಡಿಯಾರದ ಚಿತ್ರವಿರುವ ಗುಂಡಿ ಒತ್ತಿದ, ಪ್ಲಸ್ ಒತ್ತಿ ಒತ್ತಿ ಹನ್ನೊಂದೂ ಇಪ್ಪತ್ತು ಮಾಡಿದ, ವಿಸಿಟಿಂಗ್ ಚಾರ್ಜ್ ಈಸಿಕೊಂಡ. ಹೋಗುವಾಗ ‘ಬೋರ್ಡ್ ಸ್ವಲ್ಪ ವೀಕ್ ಇದೆ ಸಾರ್, ನೋಡ್ಕೊಳ್ಳಿ’ ಅಂದ. ಅವನ ಹೊಟ್ಟೆಪಾಡು ಅಂತ ನಾನೂ ಬಾಯಿ ಬಿಡಲಿಲ್ಲ.

ಪ್ರಶ್ನೆ: ನಿಮ್ಮಲ್ಲಿ ಮೂರು ಬಗೆಯ ಟೈಮರ್ ಇದೆಯಂತೆ. ಒಂದು ಸಾಲದೇ?

ಓವನ್: ಮೂರಕ್ಕೂ ಮೂರು ಗುಣ. ಗಂಟೆಯ ಗುರುತಿನದು ಬರೀ ಕೂಗುತ್ತದೆ. ಹತ್ತು ನಿಮಿಷ ಇಟ್ಟರೆ ಹತ್ತು ನಿಮಿಷಕ್ಕೆ ಟೀಂ ಟೀಂ ಅನ್ನುತ್ತದೆ, ಅಷ್ಟೇ. ಶಾಖಕ್ಕೂ ಅದಕ್ಕೂ ಸಂಬಂಧವಿಲ್ಲ; ನಾನು ತಣ್ಣಗಿದ್ದಾಗಲೂ ಅಕ್ಕಿ ನೆನೆಯುವುದಕ್ಕೆ ಅದನ್ನು ಇಟ್ಟುಕೊಳ್ಳಬಹುದು. ಎರಡನೆಯದು, ಇಷ್ಟು ಹೊತ್ತು ಬೇಯಿಸಿ ತಾನೇ ಆರುವುದು. ಮೂರನೆಯದಕ್ಕೆ ‘ಇಂಥ ಗಂಟೆಗೆ ಮುಗಿದಿರಬೇಕು’ ಅಂದರೆ ಸಾಕು, ಹಿಂದಕ್ಕೆ ಲೆಕ್ಕ ಹಾಕಿ ತಾನೇ ಶುರುವಾಗುತ್ತದೆ. ಈ ಮನೆಯಲ್ಲಿ ಮೂರೂ ಒಂದೇ. ಯಜಮಾನ್ತಿ ಮೊದಲನೆಯದನ್ನು ಇಟ್ಟು, ಎರಡನೆಯದನ್ನು ಇಟ್ಟೆ ಅಂದುಕೊಂಡು, ವಾಕಿಂಗ್ ಹೋದರು. ನಾನು ಕೂಗಿದೆ. ಕೂಗಿ ಕೂಗಿ ಸುಮ್ಮನಾದೆ. ಒಳಗೆ ಕೇಕು ಇದ್ದಿಲಾಯಿತು. ‘ಟೈಮರ್ ಕೆಲಸ ಮಾಡಲ್ಲ’ ಅನ್ನುವ ಅಪವಾದ ಮಾತ್ರ ನನಗೆ.

ಪ್ರಶ್ನೆ: ಮೂರನೆಯದು ಒಳ್ಳೆಯ ಏರ್ಪಾಡಲ್ಲವೇ? ಬೆಳಿಗ್ಗೆ ಇಟ್ಟು ಆಫೀಸಿಗೆ ಹೋದರೆ ಸಂಜೆಗೆ ಬಿಸಿಬಿಸಿ ಊಟ.

ಓವನ್: ಸಂಜೆಯ ತನಕ ಆ ಊಟ ನನ್ನೊಳಗೆ ಏನು ಮಾಡುತ್ತಿರುತ್ತದೆ ಅಂತ ಯೋಚಿಸಿದ್ದೀರಾ? ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಮೊಸರು ಸವರಿದ ಪನೀರನ್ನೋ ಕೋಳಿಯನ್ನೋ ಇಟ್ಟು, ಸಂಜೆ ಆರಕ್ಕೆ ಬೇಯಿಸು ಅಂದರೆ ನಾನು ಬೇಯಿಸುತ್ತೇನೆ. ನಿಷ್ಠೆಯಿಂದ ಬೇಯಿಸುತ್ತೇನೆ. ತಿಂದವರು ಎಷ್ಟು ಗಂಟೆಗೆ ಆಸ್ಪತ್ರೆಗೆ ಹೊರಡಬೇಕು ಅನ್ನುವುದಕ್ಕೆ ನಾಲ್ಕನೆಯ ಟೈಮರ್ ಬೇಕಾಗುತ್ತದೆ. ಆಲೂಗಡ್ಡೆ, ಗೆಣಸು ಆದರೆ ಒಂದೆರಡು ಗಂಟೆ ಕಾಯಿಸಬಹುದು. ಕೇಕಿನ ಹಿಟ್ಟಂತೂ ಬೇಡವೇ ಬೇಡ. ಸೋಡಾ ಅಷ್ಟು ಹೊತ್ತು ತಾಳುವುದಿಲ್ಲ, ಹಿಟ್ಟು ಒಳಗೆ ಹೋಗುವ ಮೊದಲೇ ನಾನು ಕಾದಿರಬೇಕು ಬೇರೆ.

ನಿಜ ಹೇಳಲೇ? ಈ ಅಡುಗೆಮನೆಯ ಕಾಲಮಾನವೇ ಬೇರೆ. ಬೇಳೆಗೆ ಮೂರು ಕೂಗು, ಕಡಲೆಕಾಳಿಗೆ ಆರು. ನಿಮಿಷದ ಗೊಡವೆ ಯಾರಿಗೂ ಬೇಡ. ನಾನು ಟೀಂ ಅಂದರೆ ಅಜ್ಜಿ ರೂಮಿನಿಂದಲೇ ಹೇಳುತ್ತಾರೆ: ‘ಒಂದಾಯ್ತು ಕಣೇ, ಇನ್ನೆರಡು ಆಗಲಿ.’

ಪ್ರಶ್ನೆ: ಅಜ್ಜಿಗೂ ನಿಮಗೂ ಹೇಗೆ?

ಓವನ್: ದೂರದಿಂದ ನಮಸ್ಕಾರ. ಮೊಮ್ಮಗನ ಹುಟ್ಟುಹಬ್ಬಕ್ಕೆ ಮೊಟ್ಟೆ ಹಾಕಿದ ಕೇಕ್ ಬೇಯಿಸಿಬಿಟ್ಟೆ. ಅಂದಿನಿಂದ ನಾನು ಮುಸುರೆಗಿಂತ ಕಡೆ. ‘ಇಷ್ಟೆಲ್ಲ ಗುಂಡಿ ಇದೆಯಲ್ಲ, ಮಡಿಗೆ ಒಂದು ಇಲ್ಲವೇನೋ?’ ಅಂತ ಮಗನನ್ನು ಕೇಳಿದರು. ನಗಬೇಡಿ. ಅಮೆರಿಕದಲ್ಲಿರುವ ನನ್ನ ದಾಯಾದಿಗಳಲ್ಲಿ ಕೆಲವರಿಗೆ ಸಬ್ಬತ್ ಮೋಡ್ ಅಂತ ಒಂದಿದೆ. ಸಂಪ್ರದಾಯಸ್ಥ ಯಹೂದಿಗಳು ಶುಕ್ರವಾರದ ಸಂಜೆಯಿಂದ ಶನಿವಾರದ ರಾತ್ರಿಯ ತನಕ ಒಲೆ ಹೊತ್ತಿಸುವಂತಿಲ್ಲ, ಆರಿಸುವಂತಿಲ್ಲ. ನಾವೋ, ತೀರಾ ಬಹಳ ಹೊತ್ತು ಉರಿದರೆ ‘ಮನೆಯವರು ಮರೆತಿದ್ದಾರೆ’ ಅಂತ ನಾವಾಗಿಯೇ ಆರಿಕೊಳ್ಳುವವರು. ಆ ಮೋಡ್‌ನಲ್ಲಿ ಹಾಗೆ ಆರುವುದಿಲ್ಲ. ಸದ್ದು ಮಾಡುವುದಿಲ್ಲ. ಬಾಗಿಲು ತೆಗೆದರೆ ಒಳಗಿನ ದೀಪವೂ ಹೊತ್ತುವುದಿಲ್ಲ. ಅಲ್ಲಿನವರ ಆಚಾರಕ್ಕೆ ಕಂಪನಿಗಳು ಇಷ್ಟು ಬಗ್ಗಿವೆ. ನಮ್ಮ ಅಜ್ಜಿಯ ಮಡಿಗೆ ಯಾವ ಎಂಜಿನಿಯರ್ ತಲೆ ಕೆಡಿಸಿಕೊಂಡಿದ್ದಾನೆ? ಗುಂಡಿ ಒತ್ತಿದರೆ ಒಳಗೆಲ್ಲ ಪಂಚಗವ್ಯ ಪ್ರೋಕ್ಷಣೆಯಾಗುವಂಥದ್ದು ಒಂದು ಮಾಡಲಿ, ಬಸವನಗುಡಿಯಲ್ಲೇ ಎಷ್ಟು ಖರ್ಚಾಗುತ್ತದೆ ನೋಡೋಣ.

ಪ್ರಶ್ನೆ: ನಿಮ್ಮ ಜೊತೆಗೆ ಬಂದ ಪರಿವಾರದ ಬಗ್ಗೆ ಹೇಳಿ. ಟ್ರೇ, ಜಾಲರಿ ಇತ್ಯಾದಿ.

ಓವನ್: ಚೆಲ್ಲಾಪಿಲ್ಲಿಯಾಗಿದೆ. ಜಾಲರಿ ಬಾಲ್ಕನಿಯಲ್ಲಿ, ಮೇಲೆ ಮನಿಪ್ಲಾಂಟ್. ಆಳದ ಟ್ರೇ ವಾಷಿಂಗ್ ಮಷೀನಿನ ಸೋರುವ ಪೈಪಿನ ಕೆಳಗೆ. ಕೋಳಿ ಚುಚ್ಚಿ ತಿರುಗಿಸುವ ಸಲಾಕೆಯೊಂದು ಬಂದಿತ್ತು. ಮೊಟ್ಟೆಗೇ ಇಷ್ಟು ರಾದ್ಧಾಂತವಾದ ಮನೆಯಲ್ಲಿ ಅದಕ್ಕೇನು ಕೆಲಸ? ಸೋಫಾ ಅಡಿಗೆ ಉರುಳಿದ ಚೆಂಡು ತೆಗೆಯುತ್ತದೆ. ಉಳಿದಿರುವುದು ಚಪ್ಪಟೆ ಟ್ರೇ ಒಂದೇ. ಅದಕ್ಕೂ ಒಂದು ಕೆಟ್ಟ ಚಾಳಿ. 200 ಡಿಗ್ರಿಯ ಹತ್ತಿರ ಬಂದಾಗ ತಗಡು ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನವಾಗಿ ಹಿಗ್ಗಿ ಸೊಟ್ಟಗಾಗಿ ‘ಢಣ್’ ಅನ್ನುತ್ತದೆ. ತಣ್ಣಗಾದರೆ ಮತ್ತೆ ನೆಟ್ಟಗೆ. ಮೊದಲ ಸಲ ಆ ಸದ್ದು ಕೇಳಿದಾಗ ಇಡೀ ಮನೆ ಲಿಫ್ಟಿನ ತನಕ ಓಡಿತ್ತು, ಸಿಲಿಂಡರ್ ಸಿಡಿಯಿತು ಅಂತ. ನಮ್ಮದು ಪೈಪ್ ಗ್ಯಾಸು, ಸಿಲಿಂಡರೇ ಇಲ್ಲ.

ಜಾಲರಿ ಮನೆಯೊಳಗಿದ್ದ ಕಾಲದಲ್ಲೂ ಅದನ್ನು ಹಿಂದುಮುಂದಾಗಿ ತುರುಕುತ್ತಿದ್ದರು. ಅದರ ಅಂಚಿನಲ್ಲಿ ಪುಟ್ಟದೊಂದು ತಗ್ಗು ಮಾಡಿರುತ್ತಾರೆ. ಎಳೆದಾಗ ಅರ್ಧದಲ್ಲಿ ತಡೆದು ನಿಲ್ಲಲಿ, ಮೂತಿ ಕೆಳಗಾಗಿ ವಾಲದಿರಲಿ ಅಂತ. ತಿರುಗಿಸಿ ಇಟ್ಟರೆ ಆ ತಡೆ ಸಿಗುವುದಿಲ್ಲ, ಪಾತ್ರೆ ಸೀದಾ ಪಾದಕ್ಕೆ. ಇನ್ನು ಹೊರಗೆ ತೆಗೆಯುವ ರೀತಿಯೋ! ಸಾರಿನ ಪಾತ್ರೆ ಹಿಡಿಯುವ ಇಕ್ಕಳದಲ್ಲಿ ಟ್ರೇ ಎಳೆಯುತ್ತಾರೆ. ಇಲ್ಲದಿದ್ದರೆ ಕಟ್ಟೆ ಒರೆಸಿದ ಒದ್ದೆ ಮಸಿಬಟ್ಟೆ. ಒದ್ದೆ ಬಟ್ಟೆಯ ನೀರು ಗಳಿಗೆಯಲ್ಲಿ ಹಬೆಯಾಗಿ ಕೈಗೆ ಹೊಡೆಯುತ್ತದೆ, ಒಣಗಿದ್ದು, ದಪ್ಪನೆಯದು ಬೇಕು. ಒಂದು ಜೊತೆ ಕೈಗವಸು ತಂದಿದ್ದರಲ್ಲ ಅನ್ನುತ್ತೀರಾ? ಅದರ ಮೇಲೆ ಚಂದದ ಸೂರ್ಯಕಾಂತಿ ಹೂವಿದೆ. ಕೊಳೆಯಾಗುತ್ತದೆ ಅಂತ ಮೊಳೆಗೆ ನೇತುಹಾಕಿದ್ದಾರೆ.

ಪ್ರಶ್ನೆ: ನಿಮ್ಮನ್ನಾದರೂ ಕೊಳೆಯಾಗದಂತೆ ನೋಡಿಕೊಳ್ಳುತ್ತಾರೆ ತಾನೇ?

ಓವನ್: ಅದೇ ದೊಡ್ಡ ಕಾಟ. ತೊಳೆಯುವುದು ತಪ್ಪಲಿ ಅಂತ ತಳಕ್ಕೆ ಅಲ್ಯುಮಿನಿಯಂ ಫಾಯಿಲ್ ಹಾಸಿದರು. ನನ್ನ ಕೆಳಗಿನ ಕಾಯಿಲ್ ಇರುವುದು ಆ ತಳದ ತಗಡಿನ ಅಡಿಯಲ್ಲಿ. ಮೇಲೆ ಫಾಯಿಲ್ ಮುಚ್ಚಿದರೆ ಶಾಖ ಮೇಲೇಳಲಾಗದೆ ಅಲ್ಲೇ ಕಟ್ಟಿಕೊಂಡು ಎನಾಮಲ್ ಬಿರುಕು ಬಿಡುತ್ತದೆ, ಕೇಕಿನ ತಳ ಹಸಿ ಉಳಿಯುತ್ತದೆ. ಬಾಗಿಲಿನ ಗಾಜನ್ನು ಸ್ಟೀಲ್ ನಾರಿನಲ್ಲಿ ತಿಕ್ಕುವ ಕೆಲಸದಾಕೆಗೂ ಯಾರಾದರೂ ಹೇಳಬೇಕು. ಗೀರು ಬಿದ್ದ ಗಾಜು ಕಾದಾಗ ಒಡೆದುಹೋಗಬಹುದು.

ಪ್ರಶ್ನೆ: ಆದರೆ ಸುರಕ್ಷತೆಗೆ ಬೇಕಾದಷ್ಟು ಏರ್ಪಾಡಿದೆಯಂತಲ್ಲ. ಮಕ್ಕಳ ಬೀಗ ಅಂತಾರೆ.

ಓವನ್: ಮೂರು ಸೆಕೆಂಡ್ ಒತ್ತಿ ಹಿಡಿದರೆ ಬೀಳುತ್ತದೆ. ಆದರೆ ಆ ಬೀಗ ಬಿದ್ದದ್ದು ಎಲ್ಲಿಗೆ? ಗುಂಡಿಗಳಿಗೆ. ಬಾಗಿಲಿಗಲ್ಲ. ಬೀಗ ಹಾಕಿದ್ದೇವೆ ಅಂತ ದೊಡ್ಡವರು ನೆಮ್ಮದಿಯಾಗಿ ಮೊಬೈಲ್ ನೋಡುತ್ತಿದ್ದರೆ, ಮಗು ನನ್ನ ಬಾಗಿಲಿನ ಹಿಡಿಗೆ ಜೋತುಬಿದ್ದಿರುತ್ತದೆ. ಮೂರು ಪದರದ ಗಾಜಿದ್ದರೂ ಗ್ರಿಲ್ ಹಾಕಿದಾಗ ಹೊರಗಿನ ಗಾಜೂ ಬಿಸಿಯಾಗುತ್ತದೆ.

ಇನ್ನು ನನ್ನ ತಂಪಿನ ಫ್ಯಾನು. ಆಫ್ ಮಾಡಿದ ಮೇಲೂ ಅದು ಒಂದಷ್ಟು ಹೊತ್ತು ತಿರುಗುತ್ತದೆ, ನನ್ನ ತಲೆಯಲ್ಲಿರುವ ಎಲೆಕ್ಟ್ರಾನಿಕ್ಸ್ ಸುಡದಿರಲಿ, ಸುತ್ತಲಿನ ಮರ ಕಾಯದಿರಲಿ ಅಂತ. ಯಜಮಾನರಿಗೆ ಆ ಗುಂಯ್ ಅನ್ನುವ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ‘ಆಫ್ ಮಾಡಿದ್ರೂ ಕರೆಂಟ್ ತಿಂತಾ ಇದೆ!’ ಅಂತ ಓಡಿಬಂದು ಗೋಡೆಯ ಸ್ವಿಚ್ಚನ್ನೇ ಆರಿಸುತ್ತಾರೆ. ಕಾಯಿಲುಗಳು ಕರೆಂಟ್ ಸುಡುವಾಗ ಸುಮ್ಮನಿದ್ದವರು, ಒಂದು ಬಲ್ಬಿನಷ್ಟು ತಿನ್ನುವ ಫ್ಯಾನಿನ ಮೇಲೆ ಸಿಟ್ಟಾಗುತ್ತಾರೆ. ನನ್ನ ತಲೆ ಕಾಯುತ್ತದೆ, ಗಡಿಯಾರ ಮತ್ತೆ ಸೊನ್ನೆಗೆ. ಮುಂದಿನ ಸಲ ಮತ್ತೆ ಆ ಮೆಕ್ಯಾನಿಕ್ಕು. ಬೆನ್ನ ಹಿಂದೆ ಗಾಳಿಯಾಡಲು ಬಿಡಬೇಕಾದ ಜಾಗವನ್ನು ಕಿಚನ್ ಮಾಡಿದವನು ‘ಜಿರಳೆ ಬರುತ್ತೆ ಮೇಡಂ’ ಅಂತ ಪ್ಲೈವುಡ್ ಹೊಡೆದು ಮುಚ್ಚಿದ. ಎದುರಿನ ಗಾಳಿಕಿಂಡಿಗೆ ಆಯುಧಪೂಜೆಯ ದಿನ ಚೆಂಡುಹೂವಿನ ಸರ. ಪೂಜೆ ಬೇಡ ಅನ್ನುತ್ತಿಲ್ಲ. ಮೂಗು ಬಿಟ್ಟು ಮಾಡಿ.

ಪ್ರಶ್ನೆ: ನಿಮ್ಮ ಮೂಲಪುರುಷರು ಯಾರು?

ಓವನ್: ಮನೆತನ ದೊಡ್ಡದು. ಸ್ವೀಡನ್ನಿನ ಗುಸ್ತಾಫ್ ಡಲೇನ್ ಹೆಸರು ಕೇಳಿದ್ದೀರಾ? ದೀಪಸ್ತಂಭಗಳ ದೀಪ ತಾನಾಗಿ ಹೊತ್ತಿ ಆರುವ ಉಪಾಯ ಕಂಡುಹಿಡಿದದ್ದಕ್ಕೆ 1912ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಅದೇ ವರ್ಷ ಪ್ರಯೋಗ ಮಾಡುವಾಗ ಅನಿಲ ಸ್ಫೋಟಿಸಿ ಕಣ್ಣು ಕಳೆದುಕೊಂಡರು. ಆಮೇಲೆ 1922ರಲ್ಲಿ ಆಗಾ ಎಂಬ ಎರಕದ ಕಬ್ಬಿಣದ ಒಲೆ ಮಾಡಿದರು. ಸದಾ ಕಾದೇ ಇರುವ ಒಲೆ. ದೃಷ್ಟಿ ಹೋದ ಮೇಲೂ ಆ ಪುಣ್ಯಾತ್ಮರು ಒಲೆಗಾಗಿ ತಲೆ ಕೆಡಿಸಿಕೊಂಡರು. ನನ್ನೊಳಗೆ 25 ವ್ಯಾಟಿನ ದೀಪವಿದೆ, ಇಣುಕುವವರಿಲ್ಲ.

ಇಲ್ಲೇ ಮೂಲೆಯಲ್ಲಿ ಅಯ್ಯಂಗಾರ್ ಬೇಕರಿ ಇದೆ. ಹಾಸನದ ಕಡೆಯವರು. ಅವರ ಭಟ್ಟಿಗೆ ಟೈಮರ್ ಇಲ್ಲ, ಬೀಗವಿಲ್ಲ, ಒಂದು ಗುಂಡಿಯಿಲ್ಲ. ದಿನಾ ಖಾರಾ ಬನ್ನು, ದಿಲ್‌ಪಸಂದು ಬರುತ್ತಲೇ ಇರುತ್ತದೆ. ನಮ್ಮ ಯಜಮಾನ್ತಿಯೂ ಕೇಕ್ ತರುವುದು ಅಲ್ಲಿಂದಲೇ. ತಂದು ನನ್ನೊಳಗೆ ಇಡುತ್ತಾರೆ, ಇರುವೆ ಬಾರದಿರಲಿ ಅಂತ.

ಪ್ರಶ್ನೆ: ಅಂದರೆ ನಿಮ್ಮನ್ನು ಬಳಸುತ್ತಿದ್ದಾರೆ!

ಓವನ್: ಚುಚ್ಚಬೇಡಿ. ನನ್ನೊಳಗೆ ಏನೇನಿದೆ ಕೇಳಿ: ದೋಸೆ ಕಾವಲಿ, ಎರಡು ಬಾಂಡ್ಲಿ, ಕುಕ್ಕರಿನ ಹಳೆಯ ಗ್ಯಾಸ್ಕೆಟ್, ಉಳಿದ ಸಾರು ಕಳಿಸಲು ಎತ್ತಿಟ್ಟ ಸ್ವಿಗ್ಗಿ ಡಬ್ಬಿಗಳು. ಹಬ್ಬದ ದಿನ ಯಾರಿಗೋ ಉಮೇದು ಬರುತ್ತದೆ. ಯೂಟ್ಯೂಬಿನಲ್ಲಿ ‘ಮೊದಲು 180 ಡಿಗ್ರಿಗೆ ಕಾಯಿಸಿಕೊಳ್ಳಿ’ ಅಂದಿರುತ್ತಾರೆ, ಇವರು ಹಾಲಿನಿಂದಲೇ ಎದ್ದುಬಂದು ಗುಂಡಿ ತಿರುಗಿಸುತ್ತಾರೆ. ಬಾಗಿಲು ತೆಗೆದು ನೋಡುವುದಿಲ್ಲ. ಆ ಪಾಲಿಪ್ರೊಪಿಲೀನ್ ಡಬ್ಬಿ 160ರ ಆಸುಪಾಸಿನಲ್ಲೇ ಕರಗುತ್ತದೆ. ಅಂದರೆ ಹಿಟ್ಟು ಒಳಗೆ ಬರುವ ಮೊದಲೇ ಡಬ್ಬಿಯ ಪಾಯಸ ಸಿದ್ಧ. ನನಗೆ ಬೀಗ ಕೊಟ್ಟರು, ಫ್ಯಾನ್ ಕೊಟ್ಟರು, ತಾನೇ ಆರುವ ಬುದ್ಧಿ ಕೊಟ್ಟರು. ಒಳಗೆ ಡಬ್ಬಿ ಇದ್ದರೆ ‘ಸ್ವಲ್ಪ ತಾಳಿ’ ಅನ್ನುವ ಬಾಯಿ ಕೊಡಲಿಲ್ಲ.

ಪ್ರಶ್ನೆ: ಇದೆಲ್ಲ ಕೈಪಿಡಿಯಲ್ಲಿ ಬರೆದಿರಬೇಕಲ್ಲ?

ಓವನ್: ಬರೆದಿದೆ. ಪೋಲಿಷ್, ಹಂಗೇರಿಯನ್, ಟರ್ಕಿಷ್ ಎಲ್ಲದರಲ್ಲೂ ಇದೆ, ಕನ್ನಡ ಬಿಟ್ಟು. ಇಂಗ್ಲಿಷಿನದು ಓದಬಹುದು. ಬೇಕಾದರೆ ತೆಗೆದುಕೊಳ್ಳಿ, ಕಾವಲಿಯ ಕೆಳಗಿದೆ.

(ಕಾವಲಿ ಎತ್ತಿದೆವು. ವಾರಂಟಿ ಕಾರ್ಡಿನ ಸಮೇತ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿತ್ತು, ಸೀಲ್ ಒಡೆದಿರಲಿಲ್ಲ. ಒಡೆದು ಸುರಕ್ಷತೆಯ ಪುಟ ತೆರೆದೆವು. ಮೊದಲ ಸೂಚನೆ: ಉಪಕರಣವನ್ನು ಬಿಸಿ ಮಾಡುವ ಮೊದಲು ಈ ಕೈಪಿಡಿಯನ್ನು ಅದರ ಒಳಗಿನಿಂದ ಹೊರತೆಗೆಯಿರಿ.)